ಮನೋವಿಜ್ಞಾನದಲ್ಲಿ ಇಷ್ಟೊಂದು ಪಂಥಗಳು ಏಕೆ ಹುಟ್ಟಿಕೊಂಡವು?

ಮನಸ್ಸನ್ನು ನೇರವಾಗಿ ನೋಡಲು ಬಾರದಿರುವುದೇ ಇದಕ್ಕೆ ಮುಖ್ಯ ಕಾರಣ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್, ತರಬೇತಿ ಪಡೆದವರು ತಮ್ಮ ಸಂವೇದನೆಗಳನ್ನು ತಾವೇ ಗಮನಿಸಿ ವರದಿ ಮಾಡುವ ಅಂತರಾವಲೋಕನ ವಿಧಾನವನ್ನು ಬಳಸಿದರು. ಆದರೆ ಇಬ್ಬರ ವರದಿಗಳು ಹೊಂದದಿದ್ದಾಗ ಯಾರದು ಸರಿ ಎಂದು ಪರೀಕ್ಷಿಸುವ ದಾರಿ ಇರಲಿಲ್ಲ. ಈ ವಿಧಾನವನ್ನೇ ತಳ್ಳಿಹಾಕಿದ ಜಾನ್ ವಾಟ್ಸನ್, ಕಣ್ಣಿಗೆ ಕಾಣುವ ವರ್ತನೆಯೊಂದೇ ಅಧ್ಯಯನದ ವಸ್ತುವಾಗಬೇಕೆಂದು 1913ರಲ್ಲಿ ವಾದಿಸಿದರು; ವರ್ತನಾವಾದ ರೂಪುಗೊಂಡದ್ದು ಹೀಗೆ. ನಮ್ಮ ಅರಿವಿಗೆ ಬಾರದ ಆಸೆ, ಭಯಗಳನ್ನು ಹುಡುಕುವ ಫ್ರಾಯ್ಡ್ ಅವರ ಮನೋವಿಶ್ಲೇಷಣೆಯಾದರೋ ಪ್ರಯೋಗಾಲಯದಲ್ಲಲ್ಲ, ರೋಗಿಗಳ ಚಿಕಿತ್ಸೆಯಲ್ಲಿ ಬೆಳೆಯಿತು. ವ್ಯಕ್ತಿಯ ಬೆಳವಣಿಗೆ ಮತ್ತು ಸ್ವಂತ ಆಯ್ಕೆಗೆ ಒತ್ತು ಕೊಡುವ, ಮಾಸ್ಲೊ ಮತ್ತು ರೋಜರ್ಸ್ ಅವರ ಮಾನವತಾವಾದಿ ಪಂಥ ಇವೆರಡಕ್ಕೂ ಪ್ರತಿಕ್ರಿಯೆಯಾಗಿ ಬಂದದ್ದು.

ಹೊಸದಾಗಿ ಓದುವವರು ಟೋಲ್ಮನ್ ಮತ್ತು ಹಾನ್ಜಿಕ್ 1930ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ತಪ್ಪದೆ ಗಮನಿಸಬೇಕೆಂಬುದು ನನ್ನ ಅಭಿಪ್ರಾಯ. ಒಂದು ಗುಂಪಿನ ಇಲಿಗಳು ಹತ್ತು ದಿನ ಚಕ್ರವ್ಯೂಹದಲ್ಲಿ ಯಾವ ಆಹಾರವೂ ಸಿಗದೆ ಸುಮ್ಮನೆ ಅಲೆದಾಡಿದವು. ಹನ್ನೊಂದನೆಯ ದಿನ ಅದರ ಕೊನೆಯಲ್ಲಿ ಆಹಾರವಿಟ್ಟಾಗ, ಮರುದಿನವೇ ಅವುಗಳ ತಪ್ಪುಗಳು ಮೊದಲಿನಿಂದಲೂ ಆಹಾರ ಪಡೆಯುತ್ತಿದ್ದ ಇಲಿಗಳ ಮಟ್ಟಕ್ಕೆ ಇಳಿದವು. ಅಂದರೆ ಬಹುಮಾನವಿಲ್ಲದೆಯೂ ಕಲಿಕೆ ನಡೆದಿತ್ತು, ವರ್ತನೆಯಲ್ಲಿ ಮಾತ್ರ ಕಾಣಿಸಿಕೊಂಡಿರಲಿಲ್ಲ. 1950ರ ದಶಕದಿಂದ ಬಲಗೊಂಡ ಸಂಜ್ಞಾನಾತ್ಮಕ (ಅರಿವು, ನೆನಪು, ಯೋಚನೆಗಳನ್ನು ಕುರಿತ) ಮನೋವಿಜ್ಞಾನವು ಇಂತಹ ಒಳಪ್ರಕ್ರಿಯೆಗಳನ್ನೇ, ವರ್ತನಾವಾದಿಗಳ ಪ್ರಯೋಗಶಿಸ್ತನ್ನು ಬಿಟ್ಟುಕೊಡದೆ, ಅಧ್ಯಯನಕ್ಕೆ ಎತ್ತಿಕೊಂಡಿತು.