ಅಪಘಾತದ ನಂತರ ಪಿಟಿಎಸ್‌ಡಿ ಇರುವವರಿಗೆ ಖಿನ್ನತೆಯೂ ಯಾಕೆ ಬರುತ್ತೆ?

ಮುಳಬಾಗಿಲು ಹೆದ್ದಾರಿಯಲ್ಲಿ ತಮ್ಮನ ಬೈಕ್ ಅಪಘಾತವಾಗಿ ಐದು ತಿಂಗಳು, ಹಿಂದೆ ಕೂತಿದ್ದ ಗೆಳೆಯ ತೀರಿಕೊಂಡ, ತಮ್ಮನಿಗೆ ಪಿಟಿಎಸ್‌ಡಿ (ಭೀಕರ ಘಟನೆಯ ನೆನಪು, ಭಯ ಬಿಡದೆ ಕಾಡುವ ಕಾಯಿಲೆ) ಅಂತ ಡಾಕ್ಟರು ಹೇಳಿದ್ದಾರೆ, ಈಗ ಊಟ ಮಾತು ಎರಡೂ ಬಿಟ್ಟಿದ್ದಾನೆ ಅಂತ ಬರೆದಿದ್ದೀರಿ. ಖಿನ್ನತೆ ಜೊತೆಗೂಡೋದು ಅಪರೂಪವೇನಲ್ಲ. ಪಿಟಿಎಸ್‌ಡಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಅದೂ ಇರುತ್ತೆ.

ಮೊದಲೊಮ್ಮೆ ಖಿನ್ನತೆ ಬಂದಿದ್ದರೆ, ಮನೆತನದಲ್ಲಿ ಇದ್ದರೆ, ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದ್ದರೆ ಅಪಾಯ ಜಾಸ್ತಿ. ಹೆಂಗಸರಲ್ಲಿ ಇನ್ನೂ ಹೆಚ್ಚು. ಇವನ್ನೆಲ್ಲ ಡಾಕ್ಟರಿಗೆ ಹೇಳಿ, ಆದರೆ ಬದಲಾಯಿಸೋಕೆ ಆಗಲ್ಲ. ನಾನು ಹೆಚ್ಚು ಗಮನ ಕೊಡೋದು ಘಟನೆಯ ನಂತರ ಏನಾಗ್ತಿದೆ ಅನ್ನೋದಕ್ಕೆ. ಕಾಲು ನೋವು ವಾಸಿಯಾಗಿಲ್ಲವಾ? ನೋವಿಗೆ ನಿದ್ದೆ ಇಲ್ಲ, ನಿದ್ದೆಯಿಲ್ಲದೆ ಮನಸ್ಸು ಕುಗ್ಗುತ್ತೆ. ಟೊಮೆಟೊ ಬೆಳೆಗೆ ಮಾಡಿದ ಸಾಲ, ನಿಂತುಹೋದ ದುಡಿಮೆ, ಪರಿಹಾರದ ಕೇಸಿಗೆ ಪದೇಪದೇ ಅದೇ ಕಥೆ ಹೇಳೋದು, ನಿದ್ದೆಗೆಂದು ಶುರುವಾದ ಕುಡಿತ, ಇವೆಲ್ಲ ಸೇರಿಕೊಳ್ಳುತ್ತವೆ. ಎಲ್ಲಕ್ಕಿಂತ ನನಗೆ ಭಯ "ನಾನು ಅವನನ್ನ ಕರ್ಕೊಂಡೇ ಹೋಗಬಾರದಿತ್ತು" ಅನ್ನೋ ಮಾತು. ಅದಕ್ಕೆ ಮನೆಯವರು "ಆಗಿದ್ದಾಯ್ತು, ಮರೆತುಬಿಡು" ಅಂದರೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ ಅಷ್ಟೆ, ತಪ್ಪು ಹೊತ್ತುಕೊಳ್ಳೋದು ನಿಲ್ಲಲ್ಲ.

ಪಿಟಿಎಸ್‌ಡಿ, ಖಿನ್ನತೆ ಎರಡನ್ನೂ ಬೇರ್ಪಡಿಸೋದು ಕಷ್ಟ, ನಿದ್ದೆಗೇಡು ಸಿಡುಕು ಎರಡರಲ್ಲೂ ಇದೆ. ಒಂದು ಸುಳಿವು: ಬೈಕ್ ಮುಟ್ಟದಿರೋದು ಭಯ. ಆದರೆ ಅಪಘಾತಕ್ಕೆ ಸಂಬಂಧವೇ ಇಲ್ಲದ ಕ್ರಿಕೆಟ್ಟು, ಹಸು, ಮಗುವಿನ ಆಟ ಎಲ್ಲವೂ ಎರಡು ವಾರಕ್ಕೂ ಮೀರಿ ಬೇಡವಾದರೆ ಖಿನ್ನತೆ ಅಂತ ಅನುಮಾನಿಸಿ.

ಡಾಕ್ಟರು ಬರೆದುಕೊಡುವ ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆ ಎರಡಕ್ಕೂ ಆಗುತ್ತೆ, ಆದರೆ ಗುಣ ಕಾಣೋಕೆ 4–6 ವಾರ ಬೇಕು. ಬಹಳ ಜನ ಹತ್ತೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡ್ತಾರೆ. ಜೊತೆಗೆ ಘಟನೆಯ ನೆನಪಿನ ಮೇಲೇ ಕೆಲಸ ಮಾಡುವ ಆಪ್ತಸಮಾಲೋಚನೆ ಬೇಕು. ಅಂಗಡಿಯಿಂದ ನಿದ್ದೆ ಮಾತ್ರೆ ತರಬೇಡಿ, ಕುಡಿತದ ಜೊತೆ ಅದು ಪ್ರಾಣಕ್ಕೇ ಅಪಾಯ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ, ಇಲ್ಲವೇ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಕಾಯಿಲೆಗಳ ಚಿಕಿತ್ಸೆಯ ದಿನ) ಯಾವತ್ತು ಅಂತ ವಿಚಾರಿಸಿ. "ಇದ್ದೇನು ಪ್ರಯೋಜನ" ಅಂದಿದ್ದಾನೆ ಅಂತಲೂ ಬರೆದಿದ್ದೀರಲ್ಲ, ಹಾಗಾಗಿ ತಡ ಮಾಡಬೇಡಿ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಹೊರಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಬೆಳೆಗೆ ಹೊಡೆಯೋ ಔಷಧಿ ಡಬ್ಬಗಳನ್ನ ಇವತ್ತೇ ಮನೆಯಿಂದ ಬೇರೆ ಕಡೆ ಸಾಗಿಸಿ.