ದಣಿದಿದ್ದೇನೆ ಅಂತ ಹೇಳಲು ಒಂದು ಜಾಗ

ಧಾರವಾಡದ ಸಪ್ತಾಪುರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಪೈಲಟ್ ಸಂಘಗಳ ಮುಂದಾಳುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ವಿಮಾನ ರದ್ದಾಗಿ, ದೆಹಲಿಯಲ್ಲಿದ್ದ ಅವರ ಮಗನಿಗೆ ಸ್ವಂತ ಮಗಳ ತೊಟ್ಟಿಲ ಕಾರ್ಯಕ್ಕೇ ಬರಲಾಗಲಿಲ್ಲ. "ಲಕ್ಷಗಟ್ಟಲೆ ಸಂಬಳ ಎಣಿಸುವವರು ಇನ್ನಷ್ಟು ರಜೆ ಬೇಕು ಅಂತ ಕೋರ್ಟಿಗೆ ಹೋದರು. ಶಿಕ್ಷೆ ನಮಗಾಯಿತು. ಇವರನ್ನು ಸುರಕ್ಷತೆಯ ಮುಂದಾಳುಗಳು ಅಂತ ಹೇಗೆ ಬರೆದಿರಿ? ನಮ್ಮ ನಷ್ಟಕ್ಕೆ ದಾರಿ ಏನು?" ಅಂತ ಕೇಳಿದ್ದಾರೆ.

ಅಕ್ಕೋರೇ,

ಶಾಲೆಯಲ್ಲಿ ಹೀಗೇ ಕರೆದು ರೂಢಿ, ಹಾಗೇ ಕರೆಯುತ್ತೇನೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ವಾರ ದೇಶದಲ್ಲಿ ಸಾವಿರಾರು ವಿಮಾನ ರದ್ದಾದವು. ನಮ್ಮ ಹುಬ್ಬಳ್ಳಿಯಲ್ಲೇ ಹೊಸ ಜೋಡಿಯೊಂದು ತಮ್ಮ ಆರತಕ್ಷತೆಗೆ ತಾವೇ ಬರಲಾಗದೆ ಭುವನೇಶ್ವರದಿಂದ ವಿಡಿಯೋದಲ್ಲಿ ಕೂತಿತ್ತು. ಆ ಸುದ್ದಿ ನೋಡಿ ನನಗೂ ಸಂಕಟವಾಯಿತು.

ಆದರೆ ಪೈಲಟ್‌ಗಳು ಕೇಳಿದ್ದು ಏನು ಅಂತ ಒಮ್ಮೆ ನೋಡಿ. ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲೇ ಹೊಸ ನಿಯಮ ಹೊರಡಿಸಿತ್ತು. ವಾರದ ವಿಶ್ರಾಂತಿ 36 ತಾಸಿನಿಂದ 48 ತಾಸಿಗೆ ಏರಿತು. ರಾತ್ರಿ ಡ್ಯೂಟಿಯಲ್ಲಿ ವಿಮಾನ ಇಳಿಸುವುದು 6 ಸಲದಿಂದ 2ಕ್ಕೆ ಇಳಿಯಿತು. ನಡುರಾತ್ರಿಯಿಂದ ಬೆಳಗಿನ 5ರವರೆಗೆ ಇದ್ದ 'ರಾತ್ರಿ' 6ರವರೆಗೆ ಹಿಗ್ಗಿತು. ಜಾರಿ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಸಂಘಗಳು ದೆಹಲಿ ಹೈಕೋರ್ಟ್ ಬಾಗಿಲು ತಟ್ಟಿದ ಮೇಲೆ 2025ರ ಜುಲೈ 1ಕ್ಕೆ ಒಂದಷ್ಟು, ನವೆಂಬರ್ 1ಕ್ಕೆ ಉಳಿದದ್ದು ಜಾರಿಯಾಯಿತು. ಹತ್ತಿರ ಹತ್ತಿರ ಎರಡು ವರ್ಷ ಟೈಮ್ ಇತ್ತು. ಅಷ್ಟರಲ್ಲಿ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳುವುದು ವಿಮಾನ ಕಂಪನಿಯ ಕೆಲಸ. ಆ ಲೆಕ್ಕ ತಪ್ಪಿ, ಪೈಲಟ್‌ಗಳು ಸಾಲದೆ ವಿಮಾನ ರದ್ದಾದದ್ದಕ್ಕೆ ವಿಶ್ರಾಂತಿ ಕೇಳಿದವರನ್ನು ಬೈದರೆ ನ್ಯಾಯವಲ್ಲ.

ವಿಶ್ರಾಂತಿಯ ಮಾತು ಬಂದರೆ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಅವರು ಲಾರಿ ಡ್ರೈವರ್. ಬ್ಯಾಡಗಿ ಮಾರ್ಕೆಟ್‌ನಲ್ಲಿ ಸಂಜೆತನಕ ಮೆಣಸಿನಕಾಯಿ ಚೀಲ ಹೇರಿಸಿ, ರಾತ್ರಿಯೇ ಮುಂಬೈ ಕಡೆ ಹೊರಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಒಂದು ಸಲ ನಾನೂ ಹಟ ಮಾಡಿ ಕ್ಯಾಬಿನ್ ಹತ್ತಿದ್ದೆ. ಹಿಂದೆ ಗಾಡಿ ತುಂಬ ಮೆಣಸಿನಕಾಯಿ ಇದ್ದರೂ ಅಪ್ಪನ ಅಂಗಿ ಜೇಬಿನಲ್ಲಿ ಮನೆಯಿಂದ ತಂದ ನಾಲ್ಕು ಹಸಿಮೆಣಸಿನಕಾಯಿ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ. ನಿದ್ದೆ ಓಡಿಸಲು ಅದು ಸಾಲದು. ಕಣ್ಣು ಎಳೆದಾಗ ಅಪ್ಪ ಹಸಿಕಾಯಿ ಕಚ್ಚುತ್ತಿದ್ದರು. ಬಂಕಾಪುರ ದಾಟುವ ಮುಂಚೆ ಎಡಗಾಲಿ ಟಾರು ಬಿಟ್ಟು ಮಣ್ಣಿಗಿಳಿಯಿತು. "ಅಪ್ಪಾ" ಅಂತ ಕಿರುಚಿದೆ. ಗಾಡಿ ನಿಲ್ಲಿಸಿ ಮುಖಕ್ಕೆ ನೀರು ಹಾಕಿಕೊಂಡರು. ಟವೆಲ್‌ನಿಂದ ಒರೆಸಿಕೊಳ್ಳುತ್ತಾ "ಯಾರ ಮುಂದೂ ಹೇಳಬ್ಯಾಡ" ಅಂದರು.

ಹೇಳಿದರೆ ಮುಂದಿನ ಲೋಡು ಬೇರೆಯವರ ಪಾಲು. ಅವ್ವನಿಗೂ ನಾನು ಹೇಳಲಿಲ್ಲ.

ಒಬ್ಬ ಮನುಷ್ಯ 17 ತಾಸು ಎದ್ದೇ ಇದ್ದರೆ ಅವನ ಕೈ, ಕಣ್ಣು, ಲಕ್ಷ್ಯ ಎಷ್ಟು ಮಂದವಾಗುತ್ತವೆ ಗೊತ್ತಾ? ರಕ್ತದಲ್ಲಿ 0.05% ಮದ್ಯ ಇದ್ದಷ್ಟು. 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಮಿತಿ 0.03%. ಕುಡಿದವನನ್ನು ಊದಿಸಿ ಹಿಡಿಯುತ್ತೇವೆ. ನಿದ್ದೆಗೆಟ್ಟವನನ್ನು ಹಿಡಿಯುವ ಯಂತ್ರ ರಸ್ತೆ ಮೇಲೆ ಇಲ್ಲ. ಅವನೇ ಬಾಯಿಬಿಟ್ಟು ಹೇಳಬೇಕು.

ಮಂಗಳೂರು ದುರಂತ ನೆನಪಿದೆಯಲ್ವಾ? 2010ರ ಮೇ 22, ಬೆಳಗಿನ 6 ಗಂಟೆಯ ಸುಮಾರು. ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಕ್ಯಾಪ್ಟನ್ನರ ಗೊರಕೆ ದಾಖಲಾಗಿತ್ತು. ಇಳಿಸುವ ಹೊತ್ತಿಗೆ ಅವರು ಎದ್ದಿದ್ದರು, ಆದರೆ ನಿದ್ದೆಯ ಮಂಪರು ಬಿಟ್ಟಿರಲಿಲ್ಲ ಅಂತ ತನಿಖಾ ವರದಿ ಹೇಳಿತು. ಪಕ್ಕದಲ್ಲಿದ್ದ ಕಿರಿಯ ಪೈಲಟ್ ಇಳಿಸಬೇಡಿ, ಮತ್ತೆ ಮೇಲೇರೋಣ ಅಂತ ಮೂರು ಸಲ ಹೇಳಿದ್ದರು. ಈ ಸಾಲು ಓದುವಾಗಲೆಲ್ಲ ನನ್ನ ಎದೆ ಹಿಂಡುತ್ತದೆ.

ಇನ್ನು ಮುಂದಾಳುಗಳ ವಿಷಯ. 1919ರಲ್ಲಿ ಅಮೆರಿಕದ ಅಂಚೆ ವಿಮಾನದ ಇಬ್ಬರು ಪೈಲಟ್‌ಗಳು ದಟ್ಟ ಮಂಜಿನಲ್ಲಿ ಹಾರಲ್ಲ ಅಂದರು. ಅವರನ್ನು ಕೆಲಸದಿಂದ ತೆಗೆದರು. ಉಳಿದವರು ವಿಮಾನ ನಿಲ್ಲಿಸಿ ಕೂತರು. ಕೊನೆಗೆ ಆದ ರಾಜಿ ನೋಡಿ: ಹವೆ ಸರಿಯಿಲ್ಲ ಅಂತ ಪೈಲಟ್ ಹೇಳಿದ ಮೇಲೂ ಹಾರು ಅನ್ನುವ ಮ್ಯಾನೇಜರ್, ತಾನೂ ವಿಮಾನ ಹತ್ತಬೇಕು! ಅಲ್ಲೇ 1931ರಲ್ಲಿ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಹುಟ್ಟಿತು. ಡೇವಿಡ್ ಬೆಂಕೆ ಮೊದಲ ಅಧ್ಯಕ್ಷರು. ಆ ಸಂಘದಲ್ಲಿ ಸುರಕ್ಷತೆಯ ಕೆಲಸ ಮಾಡುತ್ತಾ ಬಂದ ರಾಬರ್ಟ್ ಸಮ್ವಾಲ್ಟ್ ಮುಂದೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯನ್ನೇ 2017ರಿಂದ 2021ರವರೆಗೆ ನಡೆಸಿದರು. ವಿಮಾನ, ರೈಲು, ಹಡಗು, ಹೆದ್ದಾರಿ, ಎಲ್ಲದರ ಅಪಘಾತವನ್ನೂ ತನಿಖೆ ಮಾಡುವ ಮಂಡಳಿ ಅದು. ದಣಿವು ಅಂದರೇನು ಅಂತ ಅವರು ಬರೀ ಫೈಲ್ ಓದಿ ಕಲಿತವರಲ್ಲ. 24 ವರ್ಷ ಏರ್‌ಲೈನ್ ಪೈಲಟ್ ಆಗಿದ್ದವರು.

ಪೈಲಟ್ ಸಂಘಗಳು ಸಂಬಳಕ್ಕೂ ಹೊಡೆದಾಡುತ್ತವೆ, ನಿಜ. ಕೆಲವೊಮ್ಮೆ ಅದೇ ಜಾಸ್ತಿ ಅನ್ನಿಸುತ್ತದೆ. ಆದರೆ "ಇವತ್ತು ದಣಿದಿದ್ದೇನೆ, ಹಾರಿಸಲ್ಲ" ಅಂತ ಬರೆದುಕೊಟ್ಟ ಪೈಲಟ್‌ನನ್ನು ಮರುದಿನ ಆಫೀಸಿಗೆ ಕರೆದರೆ, ಅವನ ಜೊತೆ ಹೋಗಿ ಕೂರಲು ಒಬ್ಬರು ಬೇಕಲ್ವಾ? ಆ ಒಬ್ಬರನ್ನೇ ನಾವು ಮುಂದಾಳು ಅಂದದ್ದು. ನಮ್ಮಪ್ಪನಿಗೆ ಅಂಥವರು ಸಿಗಲಿಲ್ಲ. ಡ್ರೈವರ್‌ಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಮಾತ್ರ ದುಡಿಮೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಅಪ್ಪನ ಮಾಲೀಕರಿಗೆ ಅದನ್ನು ಓದಿ ಹೇಳಿದವರು ಯಾರೂ ಇರಲಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣವೂ ಇದೆ, ನಮ್ಮ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಯೂ ಇದೆ. ನಿಮ್ಮ ಪತ್ರ ಬಂದ ಮೇಲೆ ನಮ್ಮಲ್ಲೂ ಚರ್ಚೆಯಾಯಿತು. ಪೈಲಟ್‌ಗಳ ಬಗ್ಗೆ ಎಂಟು ಪುಟ ಬರೆದ ನಾವು ರಾತ್ರಿ ಬಸ್ಸಿನ ಡ್ರೈವರ್ ಎಲ್ಲಿ ಮಲಗುತ್ತಾನೆ ಅಂತ ಒಂದು ಸಾಲೂ ಬರೆದಿರಲಿಲ್ಲ. ಅದು ನಮ್ಮ ಕೊರತೆ. ಮುಂದಿನ ಸಂಚಿಕೆಗೆ ನಮ್ಮವರು ಹಾವೇರಿ, ಗದಗ, ಹುಬ್ಬಳ್ಳಿಯ ವಿಶ್ರಾಂತಿ ಕೊಠಡಿಗಳಿಗೆ ಹೋಗಿ ಬರೆಯುತ್ತಾರೆ.

ಕೊನೆಗೆ ನಿಮ್ಮ ನಷ್ಟದ ವಿಷಯ. ಡಿಜಿಸಿಎ ನಿಯಮದ ಪ್ರಕಾರ ವಿಮಾನ ರದ್ದಾದರೆ ಬೇರೆ ವಿಮಾನ ಕೊಡಬೇಕು, ಇಲ್ಲ ಪೂರ್ತಿ ಹಣ ವಾಪಸ್ ಮಾಡಬೇಕು. ಹೊರಡುವುದಕ್ಕೆ ಕನಿಷ್ಠ 24 ತಾಸು ಮೊದಲೇ ತಿಳಿಸದಿದ್ದರೆ ಪರಿಹಾರವೂ ಉಂಟು. 2 ತಾಸಿಗಿಂತ ಹೆಚ್ಚಿನ ಹಾರಾಟಕ್ಕೆ ಅದು ಗರಿಷ್ಠ 10,000 ರೂಪಾಯಿ. ಮಂಜು, ಮಳೆಯಂಥ ಕೈಮೀರಿದ ಕಾರಣವಿದ್ದರೆ ಮಾತ್ರ ಸಿಗುವುದಿಲ್ಲ. ಮಗನ ಹತ್ತಿರ ಟಿಕೆಟ್ಟು, ರದ್ದಾದ ಮೆಸೇಜು ಇದ್ದರೆ ಮೊದಲು ಕಂಪನಿಗೆ ಬರೆಯಲಿ. ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಲಿ. ಅರ್ಜಿ ಬರೆಯಲು ಸಹಾಯ ಬೇಕಾದರೆ ಕಚೇರಿಗೆ ಬನ್ನಿ, ಕೂತು ಬರೆಯೋಣ.

— ಸಂಪಾದಕ