ಭಟ್ಟಿ ಮುಂದಿನ ನೀಲಿ ಗಾಜು

ಹೋದ ತಿಂಗಳು ಈ ಪುಟದಲ್ಲಿ ನನ್ನ ಹಳೆಯ ಕೆಲಸದ ಚಷ್ಮಾಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ನಾನು ಕಲಬುರಗಿಯ ಕಪನೂರ ಕಡೆ ಒಂದು ವರ್ಕ್‌ಶಾಪಿನಲ್ಲಿ 31 ವರ್ಷ ಲೇತ್ ಮುಂದೆ ನಿಂತವನು. ವೆಲ್ಡಿಂಗ್ ಗಾಗಲ್, ಗ್ರೈಂಡಿಂಗ್ ಗಾಗಲ್, ರೈಲು ಎಂಜಿನ್ ಫೈರ್‌ಮನ್‌ಗಳ ಚರ್ಮದ ಗಾಗಲ್ ಎಲ್ಲ ಸೇರಿ 83 ಜೊತೆ ಕೂಡಿಸಿದ್ದೇನೆ. ಅಷ್ಟು ಬರೆದಿದ್ದಕ್ಕೆ ಇಷ್ಟೊಂದು ಕಾಗದ ಬಂದಿವೆ. ಐದಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಕಾಕಾ, ನಮ್ಮ ದೊಡ್ಡಪ್ಪ ಸಿಮೆಂಟ್ ಕಾರ್ಖಾನೆಯ ಭಟ್ಟಿ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಟ್ರಂಕಿನಲ್ಲಿ ಕಟ್ಟಿಗೆ ಹಿಡಿಕೆಯ ನೀಲಿ ಗಾಜು ಸಿಕ್ಕಿದೆ. ಇದು ಯಾತಕ್ಕೆ? ಇದರಲ್ಲಿ ಗ್ರಹಣ ನೋಡಬಹುದಾ? ವೆಲ್ಡಿಂಗ್‌ಗೆ ಬರುತ್ತದಾ?
— ಸೇಡಂ ಓದುಗ

ನಿಮ್ಮ ಕಾಗದ ಓದಿ ಎದ್ದು ಹೋಗಿ ನಮ್ಮಪ್ಪನ ಗಾಜು ತಂದುಕೊಂಡೆ. ಅದನ್ನು ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನಮ್ಮಪ್ಪನೂ ಬರ್ನರ್, ಅಂದರೆ ಭಟ್ಟಿಯ ಬೆಂಕಿ ನೋಡಿಕೊಳ್ಳುವವರು ಆಗಿದ್ದರು. ಗಾಜು ಅಂಗೈ ಅಗಲ ಇದೆ. ಸುತ್ತ ಸಾಗವಾನಿ ಚೌಕಟ್ಟು, ಕೆಳಗೆ ಗೇಣುದ್ದ ಹಿಡಿಕೆ. ಮೇಲಿನ ಎಡಮೂಲೆ ಚಕ್ಕೆ ಎದ್ದಿದೆ. ಹಿಡಿಕೆಯ ಬಲಗಡೆ ಹೆಬ್ಬೆರಳು ಕೂರುವ ಜಾಗ ಸವೆದು ಕಪ್ಪಾಗಿದೆ. ಅಲ್ಲಿ ನನ್ನ ಹೆಬ್ಬೆರಳು ಇಟ್ಟರೆ ಸುತ್ತ ಇನ್ನೂ ಜಾಗ ಉಳಿಯುತ್ತದೆ. ಅಪ್ಪನ ಕೈ ದೊಡ್ಡದು.

ಗಾಜು ಕರಗಿಸುವಾಗ ಕೋಬಾಲ್ಟ್ ಸೇರಿಸಿದರೆ ಈ ನೀಲಿ ಬರುತ್ತದೆ. ಭಟ್ಟಿಯೊಳಗೆ ಸುಣ್ಣದ ಕಲ್ಲು ಕಾದು ಕ್ಲಿಂಕರ್, ಅಂದರೆ ಸಿಮೆಂಟಿಗೆ ಪುಡಿ ಮಾಡುವ ಗಟ್ಟಿ ಉಂಡೆ, ಆಗೋದು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಿಂಡಿಯಿಂದ ಬರಿಗಣ್ಣಲ್ಲಿ ನೋಡಿದರೆ ಕಣ್ಣು ಕುಕ್ಕುವ ಹಳದಿ ಬೆಳಕು ಬಿಟ್ಟು ಏನೂ ಕಾಣೋದಿಲ್ಲ. ನೀಲಿ ಗಾಜು ಆ ಹಳದಿಯನ್ನು ನುಂಗಿಬಿಡುತ್ತದೆ. ಆಗ ಜ್ವಾಲೆ ಎಲ್ಲಿಗೆ ಮುಗಿಯಿತು, ಮಾಲು ಹೇಗೆ ಹೊರಳುತ್ತಿದೆ, ಇಟ್ಟಿಗೆ ಮೇಲಿನ ಪದರ ಎಲ್ಲಿ ಬಿಟ್ಟಿದೆ ಅನ್ನೋದು ಬಿಡಿಬಿಡಿಯಾಗಿ ಕಾಣುತ್ತದೆ. ಅಪ್ಪ ಅದನ್ನು ನೋಡಿಯೇ ಕಲ್ಲಿದ್ದಲು ಹೆಚ್ಚು ಮಾಡಿ, ಕಡಿಮೆ ಮಾಡಿ ಅಂತ ಹೇಳುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ ಗಾಜು ಮುಖದ ಮುಂದೆ ಹಿಡಿಯೋದು, ಇಳಿಸೋದು. ಪಾಳಿ ಪೂರ್ತಿ ಹೀಗೆಯೇ.

ಆದರೆ ಇದನ್ನು ಮಾಡಿದ್ದು ಭಟ್ಟಿಯೊಳಗೆ ಚೆನ್ನಾಗಿ ಕಾಣಲಿ ಅಂತ. ಕಣ್ಣು ಕಾಯುವ ಶಕ್ತಿ ಇದಕ್ಕೆ ಕಡಿಮೆ. ಬೆಂಕಿಯ ಕಾವಿನ ಕಿರಣಗಳು, ಅಂದರೆ ಇನ್‌ಫ್ರಾರೆಡ್, ಇದರೊಳಗಿಂದ ಹಾಯ್ದು ಬರುತ್ತವೆ. ವರ್ಷಗಟ್ಟಲೆ ಕಾವನ್ನೇ ನೋಡಿದ ಕಣ್ಣಿಗೆ ಪೊರೆ ಬರುತ್ತದೆ. ನಮ್ಮ ಕಡೆ ಮೋತಿಬಿಂದು ಅಂತೀವಲ್ಲ, ಅದೇ. ಗಾಜು ಊದುವ ಕೆಲಸಗಾರರಲ್ಲಿ ಇದು ಎಷ್ಟು ಕಂಡಿತ್ತೆಂದರೆ, ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಕಾವು ತಡೆಯುವ ಗಾಜಿಗಾಗಿ ವರ್ಷಗಟ್ಟಲೆ ಕೂತು ಒಂದೊಂದೇ ಬೆರಕೆ ಮಾಡಿ ನೋಡಿದರು. ಸೀರಿಯಂ ಬೆರೆಸಿದ ಅವರ ಗಾಜು 1914ರ ಹೊತ್ತಿಗೆ ಹೊರಬಂತು. ಹಳೆಯ ಚಷ್ಮಾ ಕೂಡಿಸುವವರು ಇವತ್ತಿಗೂ ಅದನ್ನು ಕ್ರೂಕ್ಸ್ ಗಾಜು ಅಂತಲೇ ಕರೆಯುತ್ತಾರೆ. ನಮ್ಮಪ್ಪನಿಗೆ 54ನೇ ವಯಸ್ಸಿಗೇ ಎರಡೂ ಕಣ್ಣಿನ ಆಪರೇಷನ್ ಆಯಿತು. ಆಮೇಲೆ ದಪ್ಪ ಗಾಜಿನ ಚಷ್ಮಾ ಹಾಕಿಕೊಂಡು, ಈ ನೀಲಿ ಗಾಜನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು.

ಹಾಗಾಗಿ ಗ್ರಹಣಕ್ಕೆ ಬೇಡವೇ ಬೇಡ. ಮಕ್ಕಳ ಕೈಗೆ ಕೊಟ್ಟು ಸೂರ್ಯನ ಕಡೆ ತಿರುಗಿಸಬೇಡಿ. ಗ್ರಹಣ ನೋಡಲೇಬೇಕು ಅಂದರೆ 14ನೇ ನಂಬರಿನ ವೆಲ್ಡಿಂಗ್ ಗಾಜು, ಹೊಸದು, ಗೀರು ಇಲ್ಲದ್ದು ತನ್ನಿ. ನಂಬರು ಹೆಚ್ಚಾದಷ್ಟೂ ಗಾಜು ಕಪ್ಪು. ವೆಲ್ಡಿಂಗಿಗೂ ನೀಲಿ ಗಾಜು ಬರೋದಿಲ್ಲ. ಗ್ಯಾಸ್ ವೆಲ್ಡಿಂಗಿಗೆ ಸಾಮಾನ್ಯವಾಗಿ 5ನೇ ನಂಬರಿನ ಆಸುಪಾಸು ಬೇಕು. ಕರೆಂಟ್ ವೆಲ್ಡಿಂಗಿಗೆ 10ರಿಂದ 13. ದೊಡ್ಡಪ್ಪನ ಗಾಜನ್ನು ಕಿಟಕಿ ಹತ್ತಿರ ಇಡಿ. ಅವರ ಹೆಸರು, ಪಾಳಿ, ಊರು ಬರೆದ ಚೀಟಿ ಹಿಡಿಕೆಗೆ ಕಟ್ಟಿ. ಅವರ ಜೊತೆ ದುಡಿದವರು ಇನ್ನೂ ಇದ್ದರೆ ಬೇಗ ಹೋಗಿ ಕೇಳಿ.

ಪ್ರಶ್ನೆ: ನನಗೆ ಸಿಕ್ಕ ಗಾಗಲ್ಸಿಗೆ ಗಾಜೇ ಇಲ್ಲ. ಎರಡೂ ಕಣ್ಣಿಗೆ ತಂತಿಯ ಜಾಳಿಗೆ ಇದೆ. ಗಾಜು ಬಿದ್ದುಹೋಗಿ ಯಾರೋ ಜಾಳಿಗೆ ಹಾಕಿದ್ದಾರಾ?
— ಶಹಾಬಾದ್ ಓದುಗ

ಇಲ್ಲ, ಅದು ಮಾಡಿದ್ದೇ ಹಾಗೆ. ಕಲ್ಲು ಒಡೆಯುವವರ ಚಷ್ಮಾ ಅದು. ಇಂಗ್ಲೆಂಡಿನಲ್ಲಿ ರಸ್ತೆಗೆ ಜಲ್ಲಿ ಒಡೆಯುವವರು 19ನೇ ಶತಮಾನದಲ್ಲೇ ಇಂಥದ್ದು ಹಾಕಿಕೊಳ್ಳುತ್ತಿದ್ದರು. ನಿಮ್ಮೂರಿನಲ್ಲಿ ಸಿಕ್ಕಿದೆ ಅಂದರೆ ಫರಸಿ ಖಣಿಯಲ್ಲೋ ಕಲ್ಲು ಕೆತ್ತುವ ಜಾಗದಲ್ಲೋ ದುಡಿದಿರಬೇಕು. ಬಿಸಿಲಲ್ಲಿ ಕೂತು ಉಳಿ ಹೊಡೆಯುವವನಿಗೆ ಜಾಳಿಗೆ ಒಂದು ರೀತಿ ಅನುಕೂಲ. ಬೆವರಿನ ಹಬೆ ಕಟ್ಟೋದಿಲ್ಲ, ಗೀರು ಬೀಳೋದಿಲ್ಲ, ಒಡೆಯೋದಿಲ್ಲ. ದೊಡ್ಡ ಚಕ್ಕೆ ತಡೆಯುತ್ತದೆ. ಸಣ್ಣ ಪುಡಿ ಮಾತ್ರ ಒಳಗೆ ಬಂದೇ ಬರುತ್ತದೆ.

ನನ್ನ ಹತ್ತಿರ ಇಂಥದ್ದು ಒಂದೇ ಜೊತೆ ಇದೆ. ನಿಮ್ಮೂರ ಗುಜರಿಯಲ್ಲೇ 40 ರೂಪಾಯಿಗೆ ಕೊಂಡಿದ್ದು. ಬಲಗಣ್ಣಿನ ಜಾಳಿಗೆ ಒಂದು ಕಡೆ ಹರಿದಿದೆ. ಯಾರೋ ಸಣ್ಣ ತಾಮ್ರದ ತಂತಿಯಿಂದ ಏಳು ಹೊಲಿಗೆ ಹಾಕಿದ್ದಾರೆ. ಎಷ್ಟು ಜೋಪಾನವಾಗಿ ಹಾಕಿದ್ದಾರೆ ಅಂದರೆ, ತುದಿಗಳನ್ನೆಲ್ಲ ಹೊರಗಡೆ ಬಾಗಿಸಿದ್ದಾರೆ, ರೆಪ್ಪೆಗೆ ಚುಚ್ಚಬಾರದು ಅಂತ. ನಿಮ್ಮದರಲ್ಲೂ ಇಂಥ ರಿಪೇರಿ ಇದ್ದರೆ ದಯವಿಟ್ಟು ಬಿಚ್ಚಬೇಡಿ. ತುಕ್ಕು ಇದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ, ಸಾಕು.

ಪ್ರಶ್ನೆ: ಅಣ್ಣಾರೇ, ನನ್ನದು ಸಣ್ಣ ಫ್ಯಾಬ್ರಿಕೇಷನ್ ಅಂಗಡಿ. ಹೈದರಾಬಾದಿನ ಗುಜರಿಯಲ್ಲಿ ಹಳೆ ಅಮೆರಿಕನ್ ಸೇಫ್ಟಿ ಚಷ್ಮಾ ಹತ್ತು ಜೊತೆ 600 ರೂಪಾಯಿಗೆ ಸಿಕ್ಕವು. ಗಟ್ಟಿ ಇವೆ. ಹುಡುಗರಿಗೆ ಗ್ರೈಂಡಿಂಗ್‌ಗೆ ಕೊಡಲಾ? ಅಸಲಿ ಅಂತ ತಿಳಿಯೋದು ಹೇಗೆ?
— ಯಾದಗಿರಿ ಓದುಗ

ತಮ್ಮಾ, ಮೊದಲು ಎರಡನೇ ಪ್ರಶ್ನೆ ಮುಗಿಸೋಣ. ಮೂಗಿನ ಸೇತುವೆ ಮತ್ತು ಕಡ್ಡಿಗಳ ಒಳಮೈ ನೋಡು. 'ಎಒ' ಅಂತ ಇದ್ದರೆ ಅಮೆರಿಕನ್ ಆಪ್ಟಿಕಲ್, ಮ್ಯಾಸಚೂಸೆಟ್ಸ್‌ನ ಸೌತ್‌ಬ್ರಿಜ್ ಊರಿನ ಕಂಪನಿ. ವಿಲ್ಸನ್ ಅಂತ ಇದ್ದರೆ ಪೆನ್ಸಿಲ್ವೇನಿಯಾದ ರೆಡಿಂಗ್‌ನದು. 'ಝಡ್87' ಅಂತ ಒತ್ತಿದ್ದರೆ ಅದು ಅಲ್ಲಿನ ಕಣ್ಣಿನ ರಕ್ಷಣೆಯ ಮಾನದಂಡದ ಗುರುತು. ಗಾಜಿನ ಅಂಚಿನಲ್ಲೂ ಮಾಡಿದವರ ಸಣ್ಣ ಗುರುತು ಇರುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ.

ಗಾಜು ಹದ ಮಾಡಿದ್ದಾ ಅಂತ ನೋಡಲು ಒಂದು ಚೆಂದದ ಉಪಾಯ ಇದೆ. ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿ ಮಾಡು. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣ ಮುಂದೆ ಹಿಡಿದು ನಿಧಾನ ತಿರುಗಿಸು. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಹಳೆಯ ಚಷ್ಮಾವನ್ನು ಪರದೆ ಮತ್ತು ಕೂಲಿಂಗ್ ಗ್ಲಾಸಿನ ನಡುವೆ ತಾ. ಕಾಸಿ ಹದ ಮಾಡಿದ ಗಾಜಾದರೆ ಅದರೊಳಗೆ ಬೆಳಕಿನ ನಡುವೆ ಕಪ್ಪು ಶಿಲುಬೆಯಂಥ ಆಕಾರ ಮೂಡುತ್ತದೆ. ಸಾದಾ ಗಾಜಿನಲ್ಲಿ ಏನೂ ಮೂಡೋದಿಲ್ಲ. ನಾನು ಮೊದಲ ಸಲ ನೋಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಗಾಜಿನ ಮೈಯಲ್ಲಿ ಬಿಗಿಹಿಡಿದಿರುವ ಒತ್ತಡವೇ ಹಾಗೆ ಕಣ್ಣಿಗೆ ಕಾಣುತ್ತದೆ. ಆ ಒತ್ತಡದಿಂದಲೇ ಅದಕ್ಕೆ ಬಲ. ಒಂದು ಇಂಚಿನ ಉಕ್ಕಿನ ಗುಂಡನ್ನು 50 ಇಂಚು ಎತ್ತರದಿಂದ ಬೀಳಿಸಿ ಇಂಥ ಗಾಜನ್ನು ಪರೀಕ್ಷೆ ಮಾಡುತ್ತಿದ್ದರು.

ಈಗ ಮೊದಲನೇ ಪ್ರಶ್ನೆ. ಹುಡುಗರಿಗೆ ಕೊಡಬೇಡ. ಬಲ ಎಲ್ಲ ಗಾಜಿನ ಮೇಲ್ಮೈಯಲ್ಲಿ ಇರುತ್ತದೆ. ಆಳವಾದ ಗೀರು ಬಿದ್ದರೆ ಆ ಬಲ ಹೋಯಿತು. 1996ರಲ್ಲಿ ನಾನು ಹಾಕಿಕೊಂಡಿದ್ದು ಇಂಥದ್ದೇ ಹಳೆಯ ಚಷ್ಮಾ, ಗೀರು ತುಂಬಿದ್ದು. ಹೊಸದು ಕೇಳಿ ಎರಡು ತಿಂಗಳಾಗಿತ್ತು. ಗ್ರೈಂಡಿಂಗ್ ಚಕ್ರದ ಒಂದು ಚೂರು ಬಲಗಣ್ಣಿನ ಗಾಜಿಗೆ ಬಡಿಯಿತು. ಗಾಜು ಒಡೆದು ಕೆಳರೆಪ್ಪೆಯಲ್ಲಿ ಕೂತಿತು. ಮೂರು ಹೊಲಿಗೆ. ಕಣ್ಣು ಉಳಿಯಿತು. ಆ ಚಷ್ಮಾವೇ ನನ್ನ ಸಂಗ್ರಹದ ಮೊದಲನೇ ನಂಬರು.

ಇವತ್ತಿನ ಪಾಲಿಕಾರ್ಬೊನೇಟ್ ಚಷ್ಮಾ ಗಾಜಿಗಿಂತ ಹಗುರ. ಪೆಟ್ಟು ತಡೆಯೋದರಲ್ಲಿ ಅದಕ್ಕಿಂತ ಎಷ್ಟೋ ಗಟ್ಟಿ. ನಮ್ಮ ದೇಶದ ಮಾನದಂಡದ ಐಎಸ್ 5983 ಗುರುತು ಇರುವುದು ನೋಡಿ ತಾ. ಗ್ರೈಂಡಿಂಗಿಗೆ ಅದರ ಮೇಲೆ ಮುಖದ ಶೀಲ್ಡ್ ಕೂಡ ಇರಲಿ. ಕಾರ್ಖಾನೆಗಳಿಗೆ 1948ರ ಫ್ಯಾಕ್ಟರೀಸ್ ಕಾಯ್ದೆಯ 35ನೇ ಸೆಕ್ಷನ್ನೇ ಕಣ್ಣಿನ ರಕ್ಷಣೆಗೆ ಅಂತ ಇತ್ತು. ನಿನ್ನ ಅಂಗಡಿ ಸಣ್ಣದು, ಯಾರೂ ಬಂದು ಕೇಳಲಿಕ್ಕಿಲ್ಲ. ಹುಡುಗರ ಕಣ್ಣು ಮಾತ್ರ ಸಣ್ಣದಲ್ಲ, ಅಲ್ವಾ? ಆ ಹತ್ತು ಜೊತೆಯಲ್ಲಿ ಬದಿಗೆ ತಂತಿ ಜಾಳಿಗೆ ಇರುವುದೋ, ಕಿವಿ ಹಿಂದೆ ಸುರುಳಿಯಾಗಿ ಕೂರುವ ಸ್ಪ್ರಿಂಗ್ ಕಡ್ಡಿಯದೋ ಇದ್ದರೆ ನನಗೆ ತಿಳಿಸು. ಖುಷಿಯಿಂದ ಕೊಳ್ಳುತ್ತೇನೆ. ಆ ದುಡ್ಡಲ್ಲಿ ಹುಡುಗರಿಗೆ ಹೊಸದು ಬರುತ್ತವೆ.

ಪ್ರಶ್ನೆ: ಸರ್, ನಮ್ಮ ಅಜ್ಜ ಸ್ಟೀಮ್ ಎಂಜಿನ್ನಿನಲ್ಲಿ ಫೈರ್‌ಮನ್. ಅವರ ಚರ್ಮದ ಗಾಗಲ್ಸ್ ಎಣ್ಣೆ, ಕಲ್ಲಿದ್ದಲ ಮಸಿ ಮೆತ್ತಿಕೊಂಡು ಗಲೀಜಾಗಿದೆ. ಯಾವ ಸೋಪಿನಲ್ಲಿ ತೊಳೆಯಲಿ? ಮಾರಿದರೆ ಬೆಲೆ ಎಷ್ಟು ಬರುತ್ತದೆ?
— ವಾಡಿ ಓದುಗಿ

ಯಾವುದರಲ್ಲೂ ಬೇಡ ತಂಗಿ. ನಾನು ಮಾಡಿದ ತಪ್ಪು ಹೇಳುತ್ತೇನೆ ಕೇಳು. ನಿಮ್ಮ ವಾಡಿಯಲ್ಲೇ ಒಬ್ಬ ಹಿರಿಯ ಫೈರ್‌ಮನ್‌ರ ಮನೆಯವರು ಅವರ ಗಾಗಲ್ಸನ್ನು ನನಗೆ ಸುಮ್ನೆ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಶುರುವಾಗಿತ್ತು. ಅದೇ ದಾರಿಯಲ್ಲಿ ಅವರು ಕಲ್ಲಿದ್ದಲು ಎತ್ತಿ ಹಾಕಿದವರು. ಮನೆಗೆ ತಂದವನೇ ಚೆಂದ ಕಾಣಲಿ ಅಂತ ಸೋಪು ನೀರಲ್ಲಿ ಉಜ್ಜಿ ಬಿಸಿಲಿಗೆ ಇಟ್ಟೆ. ಸಂಜೆಗೆ ಚರ್ಮ ಹಪ್ಪಳದಂತೆ ಗಟ್ಟಿಯಾಗಿ ಮುದುಡಿತ್ತು. ಒಳಗಡೆ ಹುಬ್ಬಿನ ಗುಂಟ ಅವರ ಬೆವರಿನ ಬಿಳಿ ಗೆರೆ ಒಂದಿತ್ತು. ಅದು ಪೂರ್ತಿ ಅಳಿಸಿಹೋಯಿತು.

ವರ್ಷದ ನಂತರ ಅವರ ಮಗಳು ನೋಡಲು ಬಂದರು. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಅಪ್ಪನ ಬೆವರಿನ ಕಲೆ ಇತ್ತಲ್ರೀ?" ಅಂದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಇವತ್ತಿಗೂ ಆ ಗಾಗಲ್ಸ್ ಕೈಗೆತ್ತಿಕೊಂಡರೆ ಆ ಮಾತು ಕಿವಿಯಲ್ಲಿ ಬರುತ್ತದೆ.

ನೀನು ಮೆದು ಬ್ರಷ್ ತಗೊಂಡು ಸಡಿಲ ಧೂಳು ಮಾತ್ರ ಉದುರಿಸು. ಗಾಜಿನ ಹೊರಮೈಯನ್ನು ಸ್ವಲ್ಪವೇ ತೇವದ ಹತ್ತಿ ಬಟ್ಟೆಯಿಂದ ಒರೆಸು. ನೀರು ಚರ್ಮಕ್ಕೆ ತಾಗದಿರಲಿ. ಎಣ್ಣೆ, ಪಾಲಿಶ್ ಏನೂ ಬೇಡ. ಪಟ್ಟಿಯ ಎಲಾಸ್ಟಿಕ್ ಸತ್ತಿದ್ದರೆ ಎಳೆದು ನೋಡಬೇಡ, ಹಾಗೆಯೇ ಇರಲಿ. ಒಳಗೆ ಹಳೆಯ ಬತ್ತಿ ತರಹದ ಬೂದುಬಿಳಿ ಮೆತ್ತೆ ಏನಾದರೂ ಇದ್ದರೆ ಕೆದಕಬೇಡ. ಕಾವಿನ ಹತ್ತಿರ ಬಳಸುವ ಹಳೆಯ ಸಾಮಾನಿನಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಪುಡಿ ಉಸಿರಿಗೆ ಹೋಗಬಾರದು. ಅಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಇಡು.

ಬೆಲೆ ಎಷ್ಟು ಬರುತ್ತದೆ ಅಂತಲೂ ಕೇಳಿದ್ದೀಯ. ಮಾರಬೇಡ ತಂಗಿ.

ಪ್ರಶ್ನೆ: ನಿಮ್ಮ ಬರಹ ಓದಿ ನನ್ನ ಆರು ಹಳೆಯ ಚಷ್ಮಾಗಳನ್ನು ತೆಗೆದು ನೋಡಿದೆ. ಬಿಸ್ಕತ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಅಲಮಾರಿ ಮೇಲೆ ಇಟ್ಟಿದ್ದೆ. ಎರಡರ ಫ್ರೇಮು ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿವೆ. ಡಬ್ಬಿಯಲ್ಲಿ ಕರ್ಪೂರದ ವಾಸನೆ. ಹಿಂಜಿನ ತಿರುಪುಗಳೆಲ್ಲ ಹಸಿರಾಗಿವೆ. ಏನಾಗಿದೆ?
— ಬೀದರ್‌ನ ನಿವೃತ್ತ ಶಿಕ್ಷಕ

ಮಾಸ್ತರರೇ, ನಿಮ್ಮ ಫ್ರೇಮು ಸೆಲ್ಯುಲಾಯ್ಡ್. ಹತ್ತಿಯಿಂದ ಮಾಡಿದ ನೈಟ್ರೇಟಿಗೆ ಕರ್ಪೂರ ಬೆರೆಸಿದ ಪ್ಲಾಸ್ಟಿಕ್. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಇದರ ಪೇಟೆಂಟ್ ಪಡೆದರು. ಹಳೆಯ ಚಷ್ಮಾ ಫ್ರೇಮುಗಳಲ್ಲಿ ಇದು ಬಹಳ ಕಾಣುತ್ತದೆ. ವಯಸ್ಸಾದಂತೆ ಇದು ತಾನೇ ಕೊಳೆಯುತ್ತದೆ, ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆ ಆವಿ ಹೊರಗೆ ಹೋಗದೆ ಮತ್ತೆ ಅದನ್ನೇ ತಿನ್ನುತ್ತದೆ. ಪಕ್ಕದವುಗಳನ್ನೂ ಕೆಡಿಸುತ್ತದೆ. ತಿರುಪು ಹಸಿರಾಗಿದ್ದು ಅದರಿಂದಲೇ. ನೀವು ಭದ್ರ ಅಂತ ಮುಚ್ಚಿಟ್ಟಿದ್ದೇ ತೊಂದರೆ ಮಾಡಿದೆ.

ಇದಕ್ಕೆ ಬೆಂಕಿ ಬಹಳ ಬೇಗ ಹತ್ತುತ್ತದೆ. ದೀಪ, ಊದಿನಕಡ್ಡಿ, ಇಸ್ತ್ರಿಪೆಟ್ಟಿಗೆ ಯಾವುದೂ ಹತ್ತಿರ ಇರಬಾರದು. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆರಳಿನಿಂದ ಒಂದು ನಿಮಿಷ ಉಜ್ಜಿ ಮೂಸಿದರೆ ಸಾಕು. ಕರ್ಪೂರ ಬಂದರೆ ಸೆಲ್ಯುಲಾಯ್ಡ್. ವಿನೆಗರ್ ತರಹ ಹುಳಿ ವಾಸನೆ ಬಂದರೆ ಅಸಿಟೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್. ಅದಕ್ಕೆ ಬೆಂಕಿಯ ಭಯ ಇಷ್ಟಿಲ್ಲ.

ಅಂಟಂಟಾದ ಎರಡನ್ನು ಉಳಿಸಲು ಆಗೋದಿಲ್ಲ. ಫೋಟೋ ತೆಗೆಯಿರಿ, ಅಳತೆ ಬರೆದಿಡಿ, ಗಾಜು ಬಿಚ್ಚಿಕೊಂಡು ಫ್ರೇಮನ್ನು ಮನೆಯಿಂದ ಹೊರಗೆ ಹಾಕಿ. ಕಸದ ಜೊತೆ ಸುಡಬೇಡಿ. ಉಳಿದ ನಾಲ್ಕನ್ನು ಒಂದೊಂದಾಗಿ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿ ಆಡುವಂತೆ ಇಡಿ. ಅಲಮಾರಿ ಮೇಲೆ ಬೇಡ, ಛತ್ತಿನ ಕಾವೆಲ್ಲ ಅಲ್ಲೇ ಇಳಿಯುತ್ತದೆ. ಬೀದರ್ ನಮ್ಮ ಕಲಬುರಗಿಗಿಂತ ತಂಪು, ನಿಜ. ಆದರೂ ಮೇ ತಿಂಗಳ ಮಧ್ಯಾಹ್ನ ಮೇ ತಿಂಗಳದ್ದೇ. ನಾನು ಕೆಳಗಿನ ಕೋಣೆಯಲ್ಲಿ, ಫರಸಿ ನೆಲದ ಮೇಲೆ ಒಂದು ಮಣೆ ಇಟ್ಟು ಅದರ ಮೇಲೆ ಇಡುತ್ತೇನೆ. ತಿಂಗಳಿಗೊಮ್ಮೆ ತೆಗೆದು ಮೂಸುತ್ತೇನೆ.

ಪೆಟ್ಟಿಗೆ ನಿಧಾನಕ್ಕೆ ಹುಡುಕಿ. ಬಿಸ್ಕತ್ ಡಬ್ಬಿಯ ಮುಚ್ಚಳ ಮಾತ್ರ ಇವತ್ತೇ ತೆಗೆದಿಡಿ.